ಹೊಂಗೆ ಎಣ್ಣೆಯ ಡೀಸೆಲ್: ಎಂಜಿನ್ ಒಪ್ಪಿತು, ಲೆಕ್ಕ ಒಪ್ಪಲಿಲ್ಲ

ಕಚ್ಚಾ ತೈಲದ ದರ ಏರಿದಾಗಲೆಲ್ಲ ಕರ್ನಾಟಕದಲ್ಲಿ ಹೊಂಗೆ ಮರದ ಹೆಸರು ಕೇಳಿಬರುತ್ತದೆ. ದರ ಇಳಿದೊಡನೆ ಮರೆಯಾಗುತ್ತದೆ. ಈ ಮರದ ಎಣ್ಣೆಯನ್ನು ಡೀಸೆಲ್‌ಗೆ ಪರ್ಯಾಯವಾಗಿ ಬಳಸುವ ಕುರಿತು ಎರಡೂವರೆ ದಶಕಗಳಿಂದ ಸಂಶೋಧನೆ ನಡೆದಿದೆ, ನೀತಿಗಳು ರೂಪುಗೊಂಡಿವೆ, ಸಸಿಗಳೂ ನೆಡಲ್ಪಟ್ಟಿವೆ. ಆದರೆ ದೇಶದ ಪೆಟ್ರೋಲ್‌ನಲ್ಲಿ ಎಥನಾಲ್ ಮಿಶ್ರಣ 2025ರಲ್ಲಿ ಶೇ 20ನ್ನು ತಲುಪಿದ್ದರೆ, ಡೀಸೆಲ್‌ಗೆ ಬೆರೆಯುವ ಜೈವಿಕ ಡೀಸೆಲ್‌ನ ಪಾಲು ಶೇ 1ನ್ನೂ ಮುಟ್ಟಿಲ್ಲ. ಈ ಅಂತರಕ್ಕೆ ಕಾರಣವನ್ನು ರಸಾಯನಶಾಸ್ತ್ರದಲ್ಲಿ ಹುಡುಕಿ ಫಲವಿಲ್ಲ. ಅದು ಬೀಜ ಆಯುವವರ ಕೂಲಿಯಲ್ಲಿದೆ.

ಸಸ್ಯಜನ್ಯ ಎಣ್ಣೆಯಿಂದ ಎಂಜಿನ್ ನಡೆಸುವುದು ಹೊಸ ವಿದ್ಯೆಯೇನಲ್ಲ. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಚಿಕ್ಕದೊಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಕರ್ನಾಟಕದ ಮಟ್ಟಿಗೆ ಈ ಚರ್ಚೆಗೆ ಚಾಲನೆ ನೀಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಪ್ರಮುಖರು. ಅವರ 'ಸೂತ್ರ' ಯೋಜನೆಯಡಿ ಹಳ್ಳಿಯ ಜನರೇಟರ್‌ಗಳನ್ನು ಹೊಂಗೆ ಎಣ್ಣೆಯಿಂದಲೇ ನಡೆಸಿ ತೋರಿಸಲಾಯಿತು. ಹಿಂದೆ ದೀಪಕ್ಕೆ ಬಳಕೆಯಾಗುತ್ತಿದ್ದ ಎಣ್ಣೆಯೇ ನೀರೆತ್ತುವ ಪಂಪಿಗೂ ಒದಗಬಲ್ಲದೆಂಬುದು ಅದರಿಂದ ಸ್ಪಷ್ಟವಾಯಿತು.

ಎಣ್ಣೆ ಡೀಸೆಲ್ ಆಗುವ ಬಗೆ

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಅದನ್ನು ನೇರವಾಗಿ ಬಳಸಿದರೆ ನಿಧಾನಗತಿಯ ಎಂಜಿನ್ ಹೇಗೋ ತಾಳಿಕೊಳ್ಳುತ್ತದೆ. ಬಸ್ಸು, ಲಾರಿಗಳ ಎಂಜಿನ್‌ನಲ್ಲಾದರೋ ಇಂಧನ ಚಿಮ್ಮಿಸುವ ನಳಿಕೆಗಳಿಗೆ ಮಸಿ ಕಟ್ಟುತ್ತದೆ. ಆದ್ದರಿಂದ ಎಣ್ಣೆಗೆ ಮೆಥನಾಲ್ ಮತ್ತು ಅಲ್ಪ ಪ್ರಮಾಣದ ಕಾಸ್ಟಿಕ್ ಸೋಡಾ ಸೇರಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಲಾಗುತ್ತದೆ. ಆಗ ಗ್ಲಿಸರಿನ್ ಬೇರ್ಪಟ್ಟು ತಳ ಸೇರುತ್ತದೆ, ಮೇಲೆ ನಿಲ್ಲುವ ತೆಳು ದ್ರವವೇ ಜೈವಿಕ ಡೀಸೆಲ್. ನೂರು ಕಿಲೋ ಎಣ್ಣೆಗೆ ಹೆಚ್ಚುಕಡಿಮೆ ನೂರು ಕಿಲೋ ಇಂಧನ, ಹತ್ತು ಕಿಲೋ ಗ್ಲಿಸರಿನ್ ದೊರೆಯುತ್ತವೆ. ಬೀಜ ತೇವದಲ್ಲಿ ಉಳಿದಿದ್ದರೆ ಎಣ್ಣೆಯ ಆಮ್ಲೀಯತೆ ಹೆಚ್ಚಿ, ಡೀಸೆಲ್ ಬದಲು ಸಾಬೂನು ತಯಾರಾಗುವುದುಂಟು! ಅಂತಹ ಎಣ್ಣೆಯನ್ನು ಮೊದಲು ಆಮ್ಲದಿಂದ ಸಂಸ್ಕರಿಸಬೇಕು, ಅದು ಹೆಚ್ಚುವರಿ ವೆಚ್ಚ.

ಇನ್ನು ಲೆಕ್ಕದ ವಿಚಾರ. ಸಾಮಾನ್ಯ ಗಾಣದಲ್ಲಿ ಹೊಂಗೆ ಬೀಜದಿಂದ ಕಾಲು ಭಾಗದಷ್ಟು ಎಣ್ಣೆ ಬರುತ್ತದೆ. ಅಂದರೆ ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ನಾಲ್ಕು ಕಿಲೋ ಬೀಜ ಬೇಕು. ಕೇಂದ್ರ ಸರ್ಕಾರ 2005ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ನೀತಿಯಲ್ಲಿ ತೈಲ ಕಂಪನಿಗಳು ಜೈವಿಕ ಡೀಸೆಲ್ ಖರೀದಿಸುವ ಬೆಲೆಯನ್ನು ಲೀಟರ್‌ಗೆ 25 ರೂ. ಎಂದು ನಿಗದಿಪಡಿಸಲಾಗಿತ್ತು. ಗಾಣ, ಮೆಥನಾಲ್, ಸಾಗಣೆ ಎಲ್ಲವೂ ಉಚಿತವೆಂದು ಭಾವಿಸಿದರೂ ಬೀಜಕ್ಕೆ ಕಿಲೋಗೆ ಆರು ರೂಪಾಯಿಗಿಂತ ಹೆಚ್ಚು ಕೊಡಲು ಬರುತ್ತಿರಲಿಲ್ಲ. ಮರದಡಿ ಬಿದ್ದ ಕಾಯಿ ಆಯ್ದು, ಒಣಗಿಸಿ, ಬಡಿದು ಸಿಪ್ಪೆ ಬಿಡಿಸುವ ಕೂಲಿ ಆ ಹಣದಲ್ಲಿ ಹುಟ್ಟುವುದೆಂತು? ಹಿಂಡಿ ಒಳ್ಳೆಯ ಗೊಬ್ಬರ, ಅದರ ಮಾರಾಟದಿಂದ ಒಂದಿಷ್ಟು ಹಣ ಮರಳುತ್ತದೆ, ನಿಜ. ಆದರೆ ಸಾಬೂನು ಮತ್ತು ಚರ್ಮ ಹದಗೊಳಿಸುವ ಉದ್ಯಮಗಳಿಗೂ ಇದೇ ಎಣ್ಣೆ ಬೇಕು. ಹೆಚ್ಚು ಬೆಲೆ ಸಿಕ್ಕೆಡೆಗೆ ಬೀಜ ಹೋಯಿತು. ಅದರಲ್ಲಿ ರೈತರ ತಪ್ಪೇನೂ ಇಲ್ಲ.

ರಾಷ್ಟ್ರಮಟ್ಟದಲ್ಲಿ ಆಗ ಜಟ್ರೋಫ ಅಥವಾ ಕಾಡುಹರಳಿನದೇ ಭರಾಟೆ. 2003ರ ಯೋಜನಾ ಆಯೋಗದ ಸಮಿತಿ ಒಂದು ಕೋಟಿ ಹೆಕ್ಟೇರ್‌ಗೂ ಮೀರಿದ ಪ್ರದೇಶದಲ್ಲಿ ಅದನ್ನು ಬೆಳೆಸುವ ಲೆಕ್ಕ ಹಾಕಿತ್ತು. ನೀರು, ಗೊಬ್ಬರ ಕಾಣದ ಬಂಜರಿನಲ್ಲಿ ಗಿಡವೇನೋ ಬದುಕಿತು, ಬೀಜ ಮಾತ್ರ ನಿರೀಕ್ಷೆಯಂತೆ ಬರಲಿಲ್ಲ. ಕರ್ನಾಟಕದ 2009ರ ಜೈವಿಕ ಇಂಧನ ನೀತಿ ಇದಕ್ಕಿಂತ ವಿವೇಕದ್ದೆನ್ನಬೇಕು. ಹೊಂಗೆ, ಬೇವು, ಹಿಪ್ಪೆ, ಸಿಮರೂಬದಂತಹ ಮರಗಳನ್ನು ಬದು, ಬೇಲಿ, ಪಾಳುಭೂಮಿಗಳಲ್ಲಿ ಬೆಳೆಸುವುದು, ಅನ್ನದ ಹೊಲವನ್ನು ಮುಟ್ಟದಿರುವುದು ಅದರ ತಿರುಳು. 'ಹಸಿರು ಹೊನ್ನು', 'ಬರಡು ಬಂಗಾರ' ಕಾರ್ಯಕ್ರಮಗಳು ಈ ಆಶಯದವು. ಹಾಸನ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಸಸಿಯಿಂದ ಡೀಸೆಲ್‌ವರೆಗಿನ ಎಲ್ಲ ಹಂತಗಳನ್ನೂ ರೈತರ ಮುಂದಿಟ್ಟಿತು.

ಎಥನಾಲ್‌ಗೆ ಈ ತೊಡಕು ಇರಲಿಲ್ಲ. ಕಬ್ಬು ತಾನಾಗಿಯೇ ಕಾರ್ಖಾನೆಯ ಬಾಗಿಲಿಗೆ ಬರುತ್ತದೆ. ಕಾಕಂಬಿ ಅಲ್ಲಿಯೇ ಇದೆ. ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ 2003ರಲ್ಲಿ ಶೇ 5ರ ಮಿಶ್ರಣ ಆರಂಭವಾಯಿತು. 2022ರ ಹೊತ್ತಿಗೆ ಅದು ಶೇ 10ಕ್ಕೆ ಏರಿತು. ಆದರೆ ಇದಕ್ಕೂ ಬೆಲೆ ತೆರಲೇಬೇಕು. ಸಕ್ಕರೆ ಮೂಲದ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಎಥನಾಲ್‌ನ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರವಾದ್ದರಿಂದ, ಅದಕ್ಕೆಂದು ರೂಪಿಸದ ಕಾರುಗಳ ಮೈಲೇಜ್ ಶೇ 6ರಿಂದ 7ರಷ್ಟು ಕುಸಿಯಬಹುದೆಂಬ ಅಂದಾಜೂ ಅದರಲ್ಲಿದೆ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕೊರತೆಯ ಭೀತಿಯಿಂದ ಕಬ್ಬಿನ ರಸದ ಬಳಕೆಗೆ ಕೇಂದ್ರ ಕಡಿವಾಣ ಹಾಕಿದಾಗ ಮೆಕ್ಕೆಜೋಳಕ್ಕೆ ಬೇಡಿಕೆ ಹೆಚ್ಚಿತು. ಕೋಳಿ ಸಾಕಣೆದಾರರು ಮೇವಿನ ಬೆಲೆಯ ಬಗ್ಗೆ ದೂರತೊಡಗಿದ್ದು ಆಗಲೇ.

ಕೃತಕ ಇಂಧನದ ದಾರಿ

ಬೆಳೆಯ ಗೊಡವೆಯೇ ಇಲ್ಲದ ಇಂಧನವೂ ಉಂಟು. ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕದಿಂದ ದ್ರವ ಇಂಧನ ತಯಾರಿಸುವ ಫಿಷರ್-ಟ್ರಾಪ್ಶ್ ವಿಧಾನ ಜರ್ಮನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡಿತು. ದಕ್ಷಿಣ ಆಫ್ರಿಕದ ಸಾಸೋಲ್ ಸಂಸ್ಥೆ 1950ರ ದಶಕದಿಂದ ಕಲ್ಲಿದ್ದಲಿನಿಂದ ಹೀಗೆ ಇಂಧನ ತಯಾರಿಸುತ್ತ ಬಂದಿದೆ. ಪರಿಸರದ ದೃಷ್ಟಿಯಿಂದ ಅದು ಪೆಟ್ರೋಲ್‌ಗಿಂತ ಕೆಟ್ಟದ್ದು. ಗಾಳಿ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಪಡೆದು ಇಂಧನ ತಯಾರಿಸುವ ಚಿಕ್ಕ ಘಟಕ ಚಿಲಿ ದೇಶದಲ್ಲಿ 2022ರಲ್ಲಿ ಆರಂಭವಾಗಿದೆ. ಆದರೆ ಅಷ್ಟೇ ವಿದ್ಯುತ್ತನ್ನು ಬ್ಯಾಟರಿಗೆ ತುಂಬಿದರೆ ಕಾರು ಹಲವು ಪಟ್ಟು ದೂರ ಸಾಗುತ್ತದೆ. ಆದ್ದರಿಂದ ಬ್ಯಾಟರಿ ಹೊತ್ತು ದೂರ ಹಾರಲಾಗದ ವಿಮಾನಗಳಿಗೇ ಇಂತಹ ಇಂಧನ ಮೀಸಲಾಗಬಹುದು. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ರಲ್ಲಿ ಶೇ 1ರಷ್ಟು ಸುಸ್ಥಿರ ಇಂಧನ ಬೆರೆಸುವ ಗುರಿಯನ್ನು ಭಾರತ ಪ್ರಕಟಿಸಿದೆ.

ಜೈವಿಕ ಡೀಸೆಲ್‌ಗೆ ಈಗ ಆಸರೆಯಾಗಿರುವ ವಸ್ತುಗಳಲ್ಲಿ ಕರಿದು ಉಳಿದ ಎಣ್ಣೆ ಮುಖ್ಯವಾದುದು. ಇಲ್ಲಿಯೂ ಸಮಸ್ಯೆ ಸಂಗ್ರಹಣೆಯದೇ. ಹೊಂಗೆಯ ಮಟ್ಟಿಗೆ, ಬದುವಿನಲ್ಲಿ ಮರ ಬೆಳೆಸಬಯಸುವವರು ಬೀಜದ ಸಸಿಗಿಂತ ಕಸಿ ಗಿಡವನ್ನು ಆರಿಸಿಕೊಳ್ಳುವುದು ಮೇಲು. ಅದು ಬೇಗ ಫಲ ಕೊಡುತ್ತದೆ, ಇಳುವರಿಯ ಭರವಸೆಯೂ ಹೆಚ್ಚು. ಕಾಯಿ ಬೇಸಿಗೆಯಲ್ಲಿ ಬಲಿಯುತ್ತದೆ. ಮುಂಗಾರು ಮಳೆಗೆ ಮುನ್ನ ಆಯ್ದು ಒಣಗಿಸಿಟ್ಟ ಬೀಜಕ್ಕೆ ಗಾಣದಲ್ಲಿ ಒಳ್ಳೆಯ ಬೆಲೆ ಇದೆ, ಅದು ಡೀಸೆಲ್ ಆಗಲಿ, ಸಾಬೂನಾಗಲಿ.