ಹೋಬೋಕನ್ ಮತ್ತು ಮಾಹಿತಿ ಭದ್ರತೆಯ ಆಡಳಿತ: ಒಂದು ಚಾರಿತ್ರಿಕ ಅವಲೋಕನ

2024ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಅಮೆರಿಕದಲ್ಲಿ ಹಡ್ಸನ್ ನದಿಯ ಪಶ್ಚಿಮ ದಡದಲ್ಲಿರುವ ಹೋಬೋಕನ್ ನಗರಾಡಳಿತ ಬೆಳಗಿನ ಜಾವ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಗೆ ತುತ್ತಾಯಿತು. ಸಿಟಿ ಹಾಲ್ ಬಾಗಿಲು ತೆರೆಯಲಿಲ್ಲ. ನಗರ ನ್ಯಾಯಾಲಯದ ಕಲಾಪ, ಬೀದಿ ಗುಡಿಸುವ ಕೆಲಸ ಎರಡೂ ರದ್ದಾದವು. ಪಾರ್ಕಿಂಗ್‌ನ ಉಳಿದ ನಿಯಮಗಳು ಮಾತ್ರ ಎಂದಿನಂತೆ ಜಾರಿಯಲ್ಲಿರುತ್ತವೆ ಎಂದು ನಗರಾಡಳಿತ ಪ್ರಕಟಿಸಿತು. ಈ ಪುಟ್ಟ ಪ್ರಕಟಣೆಯನ್ನು ನಾನು ಮುಖ್ಯ ಆಕರವೆಂದೇ ಓದುತ್ತೇನೆ. ಯಾವುದು ಒಂದು ದಿನ ನಿಂತರೂ ನಡೆದೀತು, ಯಾವುದು ನಿಲ್ಲಕೂಡದು ಎಂದು ಹೇಳಬೇಕಾದವರು ಕಂಪ್ಯೂಟರ್ ವಿಭಾಗದವರಲ್ಲ, ಸಂಸ್ಥೆಯ ಹೊಣೆ ಹೊತ್ತವರು. ಏನನ್ನು ಕಾಯಬೇಕೆಂದು ತೀರ್ಮಾನಿಸುವುದು ಆಡಳಿತ, ಕಾಯುವುದು ನಿರ್ವಹಣೆ. ಈ ವ್ಯತ್ಯಾಸ ಕಾಗದದ ಮೇಲೆ ಸ್ಪಷ್ಟವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಅದರ ಬಹುಭಾಗ ನಡೆದದ್ದು ಇದೇ ನದಿಯ ಎರಡು ದಡಗಳಲ್ಲಿ.

1994ರಲ್ಲಿ ವ್ಲಾದಿಮಿರ್ ಲೆವಿನ್ ಎಂಬಾತ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕುಳಿತು, ಹೋಬೋಕನ್ ಎದುರಿನ ದಡದ ನ್ಯೂಯಾರ್ಕ್‌ನ ಸಿಟಿಬ್ಯಾಂಕ್ ಗ್ರಾಹಕರ ಖಾತೆಗಳಿಂದ ಸುಮಾರು 1 ಕೋಟಿ ಡಾಲರ್ ಸಾಗಿಸಲು ಹೊರಟ. ಸುಮಾರು 4 ಲಕ್ಷ ಡಾಲರ್ ಬಿಟ್ಟು ಉಳಿದದ್ದು ಬ್ಯಾಂಕಿನ ಕೈಗೆ ವಾಪಸು ಬಂತು. ಆದರೆ ದೊಡ್ಡ ಗ್ರಾಹಕರ ನಂಬಿಕೆ ಅಲುಗಿತ್ತು. 1995ರಲ್ಲಿ ಬ್ಯಾಂಕು ಸ್ಟೀವ್ ಕಾಟ್ಜ್ ಅವರನ್ನು ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯಾಗಿ ನೇಮಿಸಿತು. ಜಗತ್ತಿನಲ್ಲಿ ಈ ಹುದ್ದೆ ಹಿಡಿದ ಮೊದಲಿಗರು ಅವರೆಂಬುದು ಸಾಮಾನ್ಯ ಅಭಿಪ್ರಾಯ. ಗ್ರಾಹಕ ಕಂಪನಿಗಳನ್ನು ಖುದ್ದಾಗಿ ಕಂಡು ಮಾತಾಡಿ ಬರುವುದೂ ಅವರ ಕೆಲಸವಾಗಿತ್ತು. ಭದ್ರತೆಯೂ ವ್ಯವಹಾರದ ಗುರಿಯೂ ಒಂದೇ ಮೇಜಿಗೆ ಬಂದದ್ದು ಹೀಗೆ, ಸಿದ್ಧಾಂತಕ್ಕಿಂತ ಮೊದಲೇ.

ಸಿದ್ಧಾಂತ ಹಿಂದಿನಿಂದ ಬಂತು. 1996ರಲ್ಲಿ ಬಂದ, ಐಟಿ ನಿಯಂತ್ರಣಗಳ ಕೋಬಿಟ್ ಚೌಕಟ್ಟು ಮೂಲತಃ ಲೆಕ್ಕಪರಿಶೋಧಕರ ಕೈಪಿಡಿ. 2001ರಲ್ಲಿ ಐಟಿ ಗವರ್ನೆನ್ಸ್ ಇನ್‌ಸ್ಟಿಟ್ಯೂಟ್ ಆಡಳಿತ ಮಂಡಳಿಗಳಿಗೆಂದೇ ಮಾರ್ಗದರ್ಶಿ ಹೊರತಂದಿತು. ಇಲ್ಲಿ ಹೋಬೋಕನ್ ಮತ್ತೆ ಎದುರಾಗುತ್ತದೆ. ಜಾನ್ ವೈಲಿ ಪ್ರಕಾಶನ 2002ರಲ್ಲಿ ಮ್ಯಾನ್‌ಹಟನ್ ಬಿಟ್ಟು ಇಲ್ಲಿನ ರಿವರ್ ಸ್ಟ್ರೀಟ್‌ಗೆ ಬಂತು. ಕ್ರಾಗ್ ಬ್ರಾಟ್‌ಬಿ ಅವರು ಮಾಹಿತಿ ಭದ್ರತೆಯ ಆಡಳಿತದ ಬಗ್ಗೆಯೇ ಬರೆದ ಪುಸ್ತಕವನ್ನು ವೈಲಿ 2009ರಲ್ಲಿ ಪ್ರಕಟಿಸಿತು. ಈ ವಿಷಯದ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಊರಿನ ಹೆಸರು ಅಚ್ಚಾದ ಹದಿನೈದು ವರ್ಷಕ್ಕೆ ಅದೇ ಊರಿನ ಸಿಟಿ ಹಾಲ್ ಬಾಗಿಲು ಮುಚ್ಚಿತೆಂಬುದು ನನ್ನನ್ನು ಕಾಡುತ್ತದೆ. ನಗರಸಭೆಗೆ ಲಾಭದ ಗುರಿಯಿಲ್ಲ, ನಿಜ. ಅದರ ವ್ಯವಹಾರವೆಂದರೆ ಜನರ ಅಂದಂದಿನ ಕೆಲಸ.

ಪುಸ್ತಕ ಹೇಳಿದ್ದನ್ನು ಕಡ್ಡಾಯ ಮಾಡಿದ್ದು ನಿಯಮ. ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವಾ ಇಲಾಖೆಯ ನಿಯಮಾವಳಿ 2017ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ ಪ್ರಕಾರ ಹಣಕಾಸು ಸಂಸ್ಥೆಯ ಭದ್ರತಾ ಅಧಿಕಾರಿ ವರ್ಷಕ್ಕೊಮ್ಮೆಯಾದರೂ ಆಡಳಿತ ಮಂಡಳಿಗೆ ಲಿಖಿತ ವರದಿ ಕೊಡಬೇಕು. ಹೊರಗುತ್ತಿಗೆದಾರರ ಭದ್ರತೆಗೂ ನೀತಿ ಇರಬೇಕು. ಹೀಗಾಗಿ ನ್ಯೂಯಾರ್ಕ್ ಬ್ಯಾಂಕುಗಳ ಕೆಲಸ ಮಾಡುವ ಬೆಂಗಳೂರಿನ ಕಚೇರಿಗಳಿಗೂ ಕರಾರುಗಳ ಮೂಲಕ ಇದರ ಬಿಸಿ ತಟ್ಟುತ್ತದೆ. ಇತ್ತ ಹೋಬೋಕನ್ ಇರುವ ನ್ಯೂಜೆರ್ಸಿಯ 2023ರ ಕಾನೂನು ಸರ್ಕಾರಿ ಸಂಸ್ಥೆಗಳಿಂದ ಕೇಳುವುದು ದಾಳಿಯ ವರದಿಯನ್ನು, 72 ಗಂಟೆಗಳ ಒಳಗೆ.

2023ರ ನವೆಂಬರ್ 1ರ ತಿದ್ದುಪಡಿ ನ್ಯೂಯಾರ್ಕ್ ನಿಯಮವನ್ನು ಇನ್ನಷ್ಟು ಬಿಗಿ ಮಾಡಿತು. ಈಗ ನಿಯಮಪಾಲನೆಯ ವಾರ್ಷಿಕ ದೃಢೀಕರಣಕ್ಕೆ ಸಂಸ್ಥೆಯ ಅತ್ಯುನ್ನತ ಅಧಿಕಾರಿಯೂ ಭದ್ರತಾ ಅಧಿಕಾರಿಯೂ ಇಬ್ಬರೂ ಸಹಿ ಹಾಕಬೇಕು.