ನೆಣದ ಹೊಗೆ, ರಕ್ತದ ಮಡಿ

ಸ್ಪೇನ್ ದೇಶದ ನಡುವೆ ಲಾ ಮಂಚಾ ಅಂತ ಒಂದು ಬಯಲುಸೀಮೆ. ಬಿಸಿಲು, ಗಾಳಿ, ಕುರಿ, ಗೋಧಿ, ದ್ರಾಕ್ಷಿ. ಅಲ್ಲಿನ ಮನೆಗಳಲ್ಲಿ ಇವತ್ತಿಗೂ ಮಾಡುವ ಒಂದು ಹುರಿದ ಬಾಡಿನ ಅಡುಗೆ ಇದೆ. ಹೆಸರು ‘ದುಯೆಲೋಸ್ ಇ ಕೆಬ್ರಾಂತೋಸ್’. ಕನ್ನಡದಲ್ಲಿ ಹೇಳುವುದಾದರೆ ‘ದುಃಖಗಳು ಮತ್ತು ಮುರಿತಗಳು’. ತಿನ್ನುವ ಪದಾರ್ಥಕ್ಕೆ ಇದೆಂಥ ಹೆಸರು? ಆ ಹೆಸರಿನ ಬೆನ್ನು ಹತ್ತಿ ಹೋದ ನಾವು ಬಾಣಲೆಯಿಂದ ನೇರ ಸೆರೆಮನೆಗೆ ಬಂದು ನಿಂತೆವು.

ಮಾಡುವ ಬಗೆ ಸರಳ. ಉಪ್ಪು ಸವರಿ ಒಣಗಿಸಿಟ್ಟ ಹಂದಿಯ ಹೊಟ್ಟೆಭಾಗದ ಬಾಡು, ನೆಣ ಇರುವಂಥದ್ದೇ ಆಗಬೇಕು, ಅದನ್ನು ಸಣ್ಣಸಣ್ಣ ತುಂಡು ಮಾಡಿ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಎಣ್ಣೆ ತೊಟ್ಟು ಸಾಕು, ನೆಣ ಕರಗಿ ಅದರಲ್ಲೇ ಬಾಡು ಬೇಯುತ್ತದೆ. ಅವಸರಪಟ್ಟು ಉರಿ ಜಾಸ್ತಿ ಮಾಡಿದರೆ ಹೊರಗೆ ಕರಕಲು, ಒಳಗೆ ಹಸಿ. ಅಂಚು ಗರಿಗರಿಯಾದ ಮೇಲೆ ಚೊರಿಸೊವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಹಾಕುತ್ತಾರೆ. ಚೊರಿಸೊ ಅಂದರೆ ಹಂದಿಮಾಂಸ, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಕಲಸಿ ಕರುಳಿಗೆ ತುಂಬಿ ಒಣಗಿಸಿದ್ದು. ಬಾಣಲೆಯ ನೆಣವೆಲ್ಲ ಕೆಂಪಾಗುತ್ತದೆ. ಹೆಚ್ಚಾದದ್ದನ್ನು ಬಸಿದು, ಮೊಟ್ಟೆ ಒಡೆದು ಸುರಿದು, ಮೆಲ್ಲಗೆ ಕೆದಕಿ, ಮೊಟ್ಟೆ ಪೂರಾ ಗಟ್ಟಿಯಾಗುವ ಮುಂಚೆಯೇ ಇಳಿಸಬೇಕು. ಕೆಲವು ಮನೆಗಳಲ್ಲಿ ಕುರಿಯ ಮಿದುಳನ್ನೂ ಸೇರಿಸುವುದುಂಟು. ಆ ಮೆಣಸಿನ ಪುಡಿ ಮಾತ್ರ ಈಚಿನದು. 1492ರ ನಂತರ ಅಮೆರಿಕದಿಂದ ಬಂದದ್ದು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ತವರೂ ಅದೇ.

1605ರಲ್ಲಿ ಅಚ್ಚಾದ ಸೆರ್ವಾಂಟಿಸ್‌ನ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಮೊದಲ ಪ್ಯಾರಾದಲ್ಲೇ ಈ ಅಡುಗೆಯ ಹೆಸರು ಬರುತ್ತದೆ. ಕಥಾನಾಯಕ ಇದನ್ನು ಶನಿವಾರ ಶನಿವಾರ ತಿನ್ನುತ್ತಾನೆ. ಪಂಡಿತರು ಇದರ ಅರ್ಥಕ್ಕಾಗಿ ಬಹಳ ಕಾಲದಿಂದ ಜಗಳ ಆಡ್ತಾ ಬಂದಿದಾರೆ. ಒಂದು ವಿವರಣೆ ಹೀಗೆ: ವಾರದಲ್ಲಿ ಸತ್ತ ಕುರಿಗಳನ್ನು ಕುರಿಗಾಹಿಗಳು ದಣಿಯ ಮನೆಗೆ ತಂದು ಹಾಕುತ್ತಿದ್ದರು. ಮುರಿದ ಮೂಳೆಯ ಆ ಬಾಡು ಬೇಯುವಾಗ ಕುರಿ ಕಳೆದುಕೊಂಡ ದಣಿಗೆ ದುಃಖ. ಸತ್ತ ದನದ ಬಾಡನ್ನು ಸೀಳಿ, ಒಣಹಾಕಿ, ತಿಂದು ಬೆಳೆದ ನಮ್ಮ ಕೇರಿಗಳವರಿಗೆ ಇಲ್ಲಿ ದುಃಖ ಯಾರದು, ಊಟ ಯಾರದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿವರಣೆ ಮತ್ತೂ ಕಹಿ. ಶನಿವಾರ ಯಹೂದಿಗಳ ಸಬ್ಬತ್ ದಿನ. ಹಂದಿ ಅವರ ಧರ್ಮದಲ್ಲಿ ನಿಷಿದ್ಧ. ಬಲವಂತಕ್ಕೆ ಕ್ರೈಸ್ತನಾದ ಯಹೂದಿ ತನ್ನ ಪವಿತ್ರ ದಿನದಂದೇ, ಅಕ್ಕಪಕ್ಕದವರಿಗೆ ಕಾಣುವಂತೆ ಹಂದಿ ತಿನ್ನಬೇಕಾಗಿ ಬಂದಾಗ ಆಗುವ ದುಃಖ, ಒಳಗೆ ಮುರಿಯುವ ಮುರಿತ. ಹೆಸರು ಹುಟ್ಟಿದ್ದು ಇದರಿಂದಲೇ ಅಂತ ಆಣೆ ಮಾಡಿ ಹೇಳಲಾರೆವು. ಆದರೆ ಆ ದುಃಖಕ್ಕೆ ಕಾಗದಪತ್ರದ ಸಾಕ್ಷಿ ಬೇಕಾದಷ್ಟಿದೆ.

1391ರಲ್ಲಿ ಸ್ಪೇನಿನ ಊರೂರುಗಳಲ್ಲಿ ಯಹೂದಿ ಕೇರಿಗಳಿಗೆ ನುಗ್ಗಿ ಕೊಂದರು. ಜೀವ ಉಳಿಸಿಕೊಳ್ಳಲು ಸಾವಿರಾರು ಜನ ಕ್ರೈಸ್ತರಾದರು. ಮತಾಂತರ ಆಯ್ತಲ್ಲ, ಇನ್ನು ಸರಿಸಮಾನರಾದರು ಅಂದುಕೊಂಡರೆ ಅದು ನಮ್ಮ ಭ್ರಮೆ. 1449ರಲ್ಲಿ ತೊಲೇದೊ ನಗರದಲ್ಲಿ ಒಂದು ಶಾಸನ ಮಾಡಿದರು: ಯಹೂದಿ ಮೂಲದವರು ನಗರದ ಅಧಿಕಾರದ ಹುದ್ದೆ ಹಿಡಿಯಕೂಡದು. ದೇವರು ಬದಲಾದರೂ ರಕ್ತ ಬದಲಾಗಿಲ್ಲ ಅಂತ ವಾದ. ಇದಕ್ಕೆ ‘ರಕ್ತಶುದ್ಧಿ’ ಅಂತಲೇ ಹೆಸರು ಬಿತ್ತು. 1547ರಲ್ಲಿ ತೊಲೇದೊದ ಮಹಾ ಇಗರ್ಜಿಯೂ ಇದನ್ನೇ ನಿಯಮ ಮಾಡಿಕೊಂಡಿತು. ಹುದ್ದೆ ಬೇಕಾದವನ ಅಜ್ಜ ಅಜ್ಜಿ ಯಾರು ಅಂತ ಊರಿಗೆ ಹೋಗಿ ಸಾಕ್ಷಿ ಕೇಳುತ್ತಿದ್ದರು. ಕಾನೂನಿನಲ್ಲಿ ಇದು ಪೂರಾ ಅಳಿದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1492ರಲ್ಲಿ ಯಹೂದಿಗಳನ್ನೂ, 1609ರಿಂದ 1614ರೊಳಗೆ ಮುಸ್ಲಿಮ್ ಮೂಲದ ಕ್ರೈಸ್ತರನ್ನು ಹತ್ತಿರ ಹತ್ತಿರ ಮೂರು ಲಕ್ಷ ಜನರನ್ನೂ ದೇಶದಿಂದಲೇ ಅಟ್ಟಿದರು.

ರಕ್ತ ಕಣ್ಣಿಗೆ ಕಾಣೋದಿಲ್ಲ. ಕಾಣುವುದು ಒಲೆ. ಹಾಗಾಗಿ 1478ರಲ್ಲಿ ಸ್ಥಾಪನೆಯಾದ ಧರ್ಮನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, ಒಲೆಗೇ ಕಣ್ಣು ಹಾಕಿತು. ಗುಪ್ತ ಯಹೂದಿಗಳನ್ನು ಗುರುತಿಸುವುದು ಹೇಗೆ ಅಂತ ಇಗರ್ಜಿಗಳಲ್ಲಿ ಜನಕ್ಕೆ ಓದಿ ಹೇಳುತ್ತಿದ್ದರು. ಶನಿವಾರ ಒಗೆದ ಬಟ್ಟೆ ಉಡುತ್ತಾರೆಯೇ? ಬಾಡಿನಿಂದ ನೆಣ ಬಿಡಿಸಿ ಎಸೆಯುತ್ತಾರೆಯೇ? ಹಂದಿ ಬೇಡ ಅನ್ನುತ್ತಾರೆಯೇ? ಆ ಕಾಲದ ಚರಿತ್ರೆಕಾರ ಪಾದ್ರಿ ಬೆರ್ನಾಲ್ದೆಸ್, ಯಹೂದಿಗಳು ಹಂದಿನೆಣ ಬಿಟ್ಟು ಎಣ್ಣೆಯಲ್ಲಿ ಬಾಡು ಬೇಯಿಸುತ್ತಾರೆ, ಅವರ ಮನೆಬಾಗಿಲು ನಾರುತ್ತದೆ ಅಂತ ಬರೆದಿಟ್ಟಿದ್ದಾನೆ. ಇವತ್ತು ಜಗತ್ತೆಲ್ಲ ಹೊಗಳುವ ಸ್ಪೇನಿನ ಆಲಿವ್ ಎಣ್ಣೆ ಅವತ್ತು ಆ ಪಾದ್ರಿಯ ಮೂಗಿಗೆ ಹೊಲಸು! ಮತಾಂತರಗೊಂಡವರನ್ನು ಬೈಯುತ್ತಿದ್ದ ಮಾತು ‘ಮರ್‍ರಾನೊ’. ಅದರ ಅರ್ಥ ಹಂದಿ. ಹಂದಿ ತಿನ್ನದವನಿಗೆ ಹಂದಿ ಅಂತ ಬೈಗುಳ.

ಲಾ ಮಂಚಾದ್ದೇ ಊರು ಮದ್ರಿದೇಹೋಸ್. ಅಲ್ಲಿನ ದಸ್ತಾವೇಜು ಬರೆಯುವವನೊಬ್ಬನ ಹೆಂಡತಿ ಎಲ್ವೀರಾ ದೆಲ್ ಕಾಂಪೊ. ಯಹೂದಿ ಮೂಲದವಳು. 1567ರಲ್ಲಿ ಅವಳನ್ನು ಹಿಡಿದು ತೊಲೇದೊಗೆ ಒಯ್ದರು. ಆಗ ಗರ್ಭಿಣಿ. ಸಾಕ್ಷಿ ನುಡಿದವರು ಅದೇ ಮನೆಯಲ್ಲಿ ಉಂಡು ಮಲಗಿದ್ದ ಗಂಡನ ಕೆಲಸಗಾರರು, ನೆರೆಹೊರೆಯವರು. ಅವಳು ಒಳ್ಳೆಯವಳು, ಇಗರ್ಜಿಗೆ ಹೋಗ್ತಾಳೆ ಅಂತಲೂ ಅವರೇ ಹೇಳಿದರು. ಆದರೆ ಹಂದಿ ತಿನ್ನೋದಿಲ್ಲ. ಮನೆಯವರಿಗಾಗಿ ಹಂದಿ ಬೇಯಿಸುವಾಗ ಕೈ ಸೋಕದ ಹಾಗೆ ಬಟ್ಟೆಚೂರಿನಲ್ಲಿ ಹಿಡೀತಾಳೆ. ಗಂಟಲ ತೊಂದರೆ, ಹಂದಿ ಒಗ್ಗೋದಿಲ್ಲ, ಕೈಗೆ ವಾಸನೆ ಅಂಟುತ್ತೆ ಅನ್ನುವುದು ಅವಳು ಕೊಟ್ಟ ಕಾರಣ. 1568ರ ಏಪ್ರಿಲ್‌ನಲ್ಲಿ ಅವಳನ್ನು ಬೆತ್ತಲೆ ಮಾಡಿ, ತೋಳಿಗೆ ಹಗ್ಗ ಬಿಗಿದು ಹಿಂಡಿದರು. ಏನು ಹೇಳಬೇಕು ಹೇಳಿ, ಹೇಳಿಬಿಡ್ತೀನಿ ಅಂತ ಅವಳು ಅಂಗಲಾಚಿದಳು. ಪಕ್ಕದಲ್ಲಿ ಕೂತ ಗುಮಾಸ್ತ ಆ ಕೂಗನ್ನೆಲ್ಲ ಒಂದೂ ಬಿಡದೆ ಬರೆದುಕೊಂಡ. ಆ ಬರಹ ಉಳಿದದ್ದರಿಂದಲೇ ಅವಳು ನಮಗೆ ಗೊತ್ತು. ತಾನು ಹುಡುಗಿಯಾಗಿದ್ದಾಗ ಅಮ್ಮ ಹಂದಿ ತಿನ್ನಬೇಡ ಅಂದಿದ್ದಳು ಅಂತ ಕೊನೆಗೆ ಒಪ್ಪಿಕೊಂಡಳು. ಆಸ್ತಿ ಜಪ್ತಿ, ಸೆರೆ, ಮೈಮೇಲೆ ಅಪರಾಧಿಯ ಅಂಗಿ.

ಬಾಡು ತಿಂದದ್ದಕ್ಕೆ ನಮ್ಮನ್ನು ಹೊಲಸು ಅಂದರು. ಅಲ್ಲಿ ತಿನ್ನದ್ದಕ್ಕೆ ಹೊಲಸು ಅಂದರು. ಸಸ್ಯಾಹಾರ ಮಾಂಸಾಹಾರದ ಗುಣದೋಷದ ಚರ್ಚೆಗೆ ಕರೆಯುವ ಮಿತ್ರರು ಎಲ್ವೀರಾಳ ಆ ಬಟ್ಟೆಚೂರನ್ನು ಸ್ವಲ್ಪ ನೋಡಬೇಕು. ಬಾಡಿಗೆ ಮನೆ ಕೇಳಲು ಹೋದಾಗ ನಮ್ಮಲ್ಲಿ ಎಷ್ಟು ಜನ “ನಿಮ್ಮಲ್ಲಿ ಏನು ಊಟ?” ಅನ್ನುವ ಪ್ರಶ್ನೆಗೆ ತಡವರಿಸಿಲ್ಲ!

‘ಕಾಸ್ತಾ’ ಅನ್ನುವ ಮಾತು ಕೂಡ ಆ ನೆಲದ್ದೇ. ತಳಿ, ವಂಶ ಅಂತ ಅದರರ್ಥ. ಕುದುರೆಗೂ ಸಲ್ಲುತ್ತಿತ್ತು, ಮನುಷ್ಯರಿಗೂ ಸಲ್ಲುತ್ತಿತ್ತು. ಅದನ್ನು ಹೊತ್ತು ಬಂದ ಪೋರ್ಚುಗೀಸರು ನಮ್ಮ ಜಾತಿಗಳನ್ನು ಕಂಡು ಅದೇ ಹೆಸರಿನಿಂದ ಕರೆದರು. ಇಂಗ್ಲಿಷಿನ ‘ಕಾಸ್ಟ್’ ಅಲ್ಲಿಂದ ಬಂತು. ಜಾತಿ ಅವರು ತಂದದ್ದು ಅಂತ ಯಾರೂ ಹಿಗ್ಗಬೇಕಾಗಿಲ್ಲ. ಅದು ಇಲ್ಲೇ ಕೊಬ್ಬಿ ಕೂತಿತ್ತು, ಅವರು ಕೊಟ್ಟದ್ದು ಹೆಸರು ಮಾತ್ರ. ಗೋವಾದಲ್ಲಿ ಕ್ರೈಸ್ತರಾದವರೂ, ಅಲ್ಲಿಂದ ವಲಸೆ ಬಂದು ಮಂಗಳೂರು ಸೀಮೆಯಲ್ಲಿ ನೆಲೆಸಿದವರೂ ‘ಬಾಮಣ’ ಮೊದಲಾದ ಭೇದಗಳನ್ನು ಜೊತೆಗೇ ತಂದುಕೊಂಡರು.

ಗೋವಾಕ್ಕೂ 1560ರಲ್ಲಿ ಇನ್‌ಕ್ವಿಸಿಷನ್ ಬಂತು. 1812ರವರೆಗೆ ಇತ್ತು. 1736ರಲ್ಲಿ ಅದು ಹೊರಡಿಸಿದ ಆಜ್ಞೆಯಲ್ಲಿ ಹೊಸ ಕ್ರೈಸ್ತರು ಮಾಡಬಾರದ ಕೆಲಸಗಳ ಉದ್ದದ ಪಟ್ಟಿ ಇದೆ. ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಿ ಉಣ್ಣುವುದೂ ಅದರಲ್ಲಿ ಒಂದು. ಎಸರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅಂತ ನೋಡಿ ಬರಲು ಅಲ್ಲೂ ಯಾರನ್ನೋ ಒಳಗೆ ಕಳಿಸಿರಬೇಕು.