ಕಾಣದ ಬೇನೆ, ಕಂಡ ರೂಪ: ಮರಗಮ್ಮನ ಸೀಮೆಯಿಂದ ಒಂದು ಅವಲೋಕನ

ಸೇಡಂ ತಾಲ್ಲೂಕಿನ ಆಡಕಿಯನ್ನೊಳಗೊಂಡ ಕಲಬುರಗಿ ಸೀಮೆಯಲ್ಲಿ ಮರಗಮ್ಮ ಊರು ಕಾಯುವ ತಾಯಿ. ಸಿಡುಬಿನಂಥ ಬೇನೆಗಳ ಒಡತಿಯೂ ಹೌದು. ರೋಗದ ಹೆಸರೆತ್ತದೆ ‘ಅಮ್ಮ ಬಂದಾಳ’ ಎಂದು, ಬಾಗಿಲಿಗೆ ಬೇವು ಕಟ್ಟಿ, ಪರರ ಪ್ರವೇಶವನ್ನು ತಡೆಯುತ್ತಿದ್ದ ಜನಪದರು ಕಾಣದ ಬೇನೆಗೆ ಒಂದು ರೂಪವನ್ನು ಕೊಟ್ಟಿದ್ದರು.

ಆ ಕಾಣದ್ದನ್ನು ಕಣ್ಣಿಗೆ ತಂದುದು ಬೇರೊಂದು ಪರಂಪರೆ. 1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನಾಲ್ ಮತ್ತು ಅರ್ನ್ಸ್ಟ್ ರುಸ್ಕಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊದಲ ಮಾದರಿಯನ್ನು ರೂಪಿಸಿದರು. 1939ರಲ್ಲಿ ಅರ್ನ್ಸ್ಟ್‌ನ ಸಹೋದರ, ವೈದ್ಯ ಹೆಲ್ಮುಟ್ ರುಸ್ಕಾ ಮತ್ತು ಸಂಗಡಿಗರು ತಂಬಾಕಿನ ಮೊಸಾಯಿಕ್ ವೈರಸ್ಸಿನ ಚಿತ್ರಗಳನ್ನು ಪ್ರಕಟಿಸಿದರು.

ಕಲಬುರಗಿಗೆ ಈ ಚರಿತ್ರೆ ದೂರದ್ದಲ್ಲ. 2020ರ ಮಾರ್ಚ್ 10ರಂದು ಇಲ್ಲಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ಭಾರತದ ಮೊದಲ ಕೋವಿಡ್ ಸಾವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಅದೇ ತಿಂಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಕೇರಳದ ರೋಗಿಯೊಬ್ಬರ ಗಂಟಲುದ್ರವದಲ್ಲಿ ಕಂಡ, ಸುಮಾರು 75 ನ್ಯಾನೊಮೀಟರ್ ಗಾತ್ರದ ವೈರಸ್ ಕಣದ ಚಿತ್ರವನ್ನು ಪ್ರಕಟಿಸಿದರು.

ಕಣವನ್ನು ಕಾಣುವುದು ಬೇರೆ, ಅದು ಜೀವಕೋಶದೊಳಗೆ ವೃದ್ಧಿಸುವುದನ್ನು ಕಾಣುವುದು ಬೇರೆ. ಶಹಾಬಾದ್ ಕಲ್ಲನ್ನು ಹಾಸುಗಳಾಗಿ ಬಿಡಿಸುವಂತೆ ಸೋಂಕಿತ ಕೋಶವನ್ನು ಅತಿತೆಳು ಪದರಗಳಾಗಿ ಕೊಯ್ಯಬೇಕು. ಇಲ್ಲವೇ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಹಲವು ಕೋನಗಳಿಂದ ಚಿತ್ರಿಸಬೇಕು. ಕೊರೊನಾವೈರಸ್ ಕೋಶದ ಪೊರೆಗಳನ್ನೇ ಮಾರ್ಪಡಿಸಿ ಇಮ್ಮಡಿ ಪೊರೆಯ ಗುಳ್ಳೆಗಳನ್ನು ನಿರ್ಮಿಸಿ, ಅವುಗಳೊಳಗೆ ತನ್ನ ಆರ್‌ಎನ್‌ಎ ಪ್ರತಿಗಳನ್ನು ತಯಾರಿಸುತ್ತದೆ. ಆ ಪ್ರತಿಗಳು ಹೊರಬೀಳುವ ಮಾರ್ಗವೆಂದು ತೋರುವ ರಂಧ್ರವನ್ನು ನೆದರ್ಲೆಂಡ್ಸ್‌ನ ಲೈಡನ್ ಸಂಶೋಧಕರು 2020ರಲ್ಲಿ ಇಲಿಗಳ ಕೊರೊನಾವೈರಸ್ಸಿನ ಅಧ್ಯಯನದಲ್ಲಿ ಗುರುತಿಸಿದರು. ಇಂತಹ ತಾಣಗಳನ್ನು ವಿಜ್ಞಾನಿಗಳು ‘ವೈರಸ್ ಕಾರ್ಖಾನೆ’ ಎನ್ನುತ್ತಾರೆ. ವಾಡಿ, ಶಹಾಬಾದ್‌ಗಳ ಜನರಿಗೆ ಈ ಪದವನ್ನು ವಿವರಿಸಬೇಕಿಲ್ಲ.

ಗಮನಿಸಬೇಕಾದ ಮಿತಿಯೊಂದಿದೆ. ಚಿತ್ರದಲ್ಲಿರುವುದು ನಿಶ್ಚಲ ಕೋಶ. ಸೋಂಕಿನ ಬೇರೆ ಬೇರೆ ಗಂಟೆಗಳ ಕೋಶಗಳನ್ನು ಹೋಲಿಸಿಯೇ ಕ್ರಿಯೆಯ ಅನುಕ್ರಮವನ್ನು ಊಹಿಸಬೇಕಾಗುತ್ತದೆ. ಪಾಠಾಂತರಗಳನ್ನು ಹೋಲಿಸಿ ಕಾವ್ಯವೊಂದರ ಬೆಳವಣಿಗೆಯನ್ನು ಗುರುತಿಸುವ ಜಾನಪದ ವಿದ್ವಾಂಸರಿಗೆ ಈ ಕ್ರಮ ಅಪರಿಚಿತವಲ್ಲ.

ಆದರೆ ಮರಗಮ್ಮನನ್ನೂ ವೈರಸ್ಸನ್ನೂ ಒಂದೇ ಎನ್ನುವುದು ಎರಡಕ್ಕೂ ಅನ್ಯಾಯ. ರೋಗ ಮನುಷ್ಯರೊಡನೆ ಸಂಚರಿಸುತ್ತದೆಂಬ ಅನುಭವಜ್ಞಾನ ಜನಪದರಿಗಿತ್ತು. ಮಾರಿಯನ್ನು ಊರ ಗಡಿಯಾಚೆ ಸಾಗಿಸುವ ಆಚರಣೆಯೂ ಇತ್ತು. ಆಚೆಗಿದ್ದುದು ಮತ್ತೊಂದು ಊರು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವೆಂದು ಘೋಷಿತವಾದದ್ದು ಎಲ್ಲ ಗಡಿಗಳನ್ನೂ ದಾಟಿದ ಲಸಿಕೆಯಿಂದ ಎಂಬುದನ್ನು ಮರೆಯಲಾಗದು.